ಹೃದಯಕ್ಕೆ ರಕ್ತವನ್ನು ಉಣಿಸುವವರಾರು?

ಹಾಸನಕ್ಕೆ ಸಮೀಪದಲ್ಲಿ, ವಿಮಾನ ನಿಲ್ದಾಣಕ್ಕೆ ಆಯ್ದ ಸ್ಥಳವೆಂದು ಹೆಸರಾದ ಬೂವನಹಳ್ಳಿಯಲ್ಲಾಗಲಿ, ಆಚೆಗಿನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ಯಾವ ಹಳ್ಳಿಯಲ್ಲಾಗಲಿ, ನಡುವಯಸ್ಸಿನ ಗೃಹಸ್ಥನೊಬ್ಬನು ರಾತ್ರಿ ಊಟವಾದ ಮೇಲೆ ಎದೆಯನ್ನು ಒತ್ತಿಕೊಂಡು ಕುಳಿತನೆಂದರೆ, ಮನೆಯೊಳಗಿನಿಂದ ಬರುವ ಮೊದಲ ಮಾತು ಬಹುಮಟ್ಟಿಗೆ ಒಂದೇ: “ಗ್ಯಾಸ್ಟ್ರಿಕ್ ಇರಬೇಕು ಕಣ್ರೀ, ಸ್ವಲ್ಪ ಕಷಾಯ ಕುಡೀರಿ.” ಜೀರಿಗೆಯ ಕಷಾಯ ಬರುತ್ತದೆ, ಅದರಿಂದ ಗುಣ ಕಾಣದಿದ್ದರೆ ಓಮದ ನೀರು, ಇಂಗು ಬೆರೆಸಿದ ಮಜ್ಜಿಗೆ, ಅಂಗಡಿ ತೆರೆದಿದ್ದರೆ ಸೋಡಾ. ಕೊನೆಗೆ, ಬೆಳಗಾಗಲಿ ನೋಡೋಣವೆಂಬ ತೀರ್ಮಾನ. ಹಲವು ಸಲ ಈ ತೀರ್ಮಾನ ಸರಿಯಾಗಿಯೇ ಇರುತ್ತದೆ. ಬೆಳಗ್ಗೆ ಗೃಹಸ್ಥನು ಎಂದಿನಂತೆ ಎದ್ದು ಹೊಲಕ್ಕೆ ಹೋಗುತ್ತಾನೆ. ಅದು ತಪ್ಪಾಗುವ ಕೆಲವು ಸಲಗಳೇ ಈ ಲೇಖನದ ವಿಷಯ.

2025ನೆಯ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಎಲ್ಲ ಪತ್ರಿಕೆಗಳಲ್ಲಿಯೂ ಕಾಣಿಸಿಕೊಂಡಿತು. ಸುಮಾರು ನಲವತ್ತು ದಿನಗಳ ಅವಧಿಯಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ಜನ ಹೃದಯಾಘಾತದಿಂದ ಮಡಿದರೆಂದೂ ಅವರಲ್ಲಿ ಹರೆಯದವರೂ ಇದ್ದರೆಂದೂ ಸುದ್ದಿ ಹಬ್ಬಿತು. ಭಯಗೊಂಡ ಜನ ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ನಸುಕಿನಲ್ಲಿಯೇ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿಯೊಂದನ್ನು ನೇಮಿಸಿತು. ಜುಲೈ ತಿಂಗಳಲ್ಲಿ ಬಂದ ಅದರ ವರದಿಯ ಪ್ರಕಾರ, ಪರಿಶೀಲನೆಗೆ ತೆಗೆದುಕೊಂಡ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ 20ರಲ್ಲಿಯೂ ಎಲ್ಲಕ್ಕೂ ಮರಣೋತ್ತರ ಪರೀಕ್ಷೆಯಾಗಲಿ ಇತರ ಖಚಿತ ಪ್ರಮಾಣವಾಗಲಿ ದೊರೆಯಲಿಲ್ಲ. ಜಿಲ್ಲೆಯಲ್ಲಿ ಹೃದಯದ ಕಾಯಿಲೆ ಹಿಂದಿನ ತಿಂಗಳುಗಳಿಗಿಂತ ಅಸಾಧಾರಣವಾಗಿ ಏರಿದೆಯೆಂಬುದಕ್ಕೆ ಆಧಾರ ಕಾಣಲಿಲ್ಲ. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತಿಗೂ ಪುಷ್ಟಿ ದೊರೆಯಲಿಲ್ಲ.

ವರದಿಯನ್ನು ಓದಿ ಕೆಲವರು ನೆಮ್ಮದಿಯ ಉಸಿರು ಬಿಟ್ಟರು, ಕೆಲವರು ನಂಬಲಿಲ್ಲ. ನಮಗೆ ತೋರುವ ಮಟ್ಟಿಗೆ ಇಬ್ಬರೂ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಲಿಲ್ಲ. ಹೊಸ ಮಾರಿಯೊಂದು ಬಂದಿಲ್ಲವೆಂದರೆ ಹಳೆಯದು ಹೋಗಿದೆಯೆಂದು ಅರ್ಥವಲ್ಲ. ಆ ಹಳೆಯ ಶತ್ರು ಪ್ರತಿ ತಿಂಗಳೂ ಪ್ರತಿ ತಾಲ್ಲೂಕಿನಲ್ಲಿಯೂ ಸದ್ದಿಲ್ಲದೆ ತನ್ನ ಪಾಲನ್ನು ಒಯ್ಯುತ್ತಲೇ ಇದೆ. ಅದನ್ನು ಗುರುತಿಸುವುದಕ್ಕೆ ಬೇಕಾದದ್ದು ಶರೀರರಚನೆಯ ಕೆಲವು ಪಾಠಗಳು. ಶುಶ್ರೂಷಾ ಪದವಿಗೆ ಸೇರಿದ ವಿದ್ಯಾರ್ಥಿನಿಯು ಮೊದಲ ಅರ್ಧವರ್ಷದಲ್ಲಿಯೇ ಅವನ್ನು ಕಲಿಯುತ್ತಾಳೆ. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯವಿಜ್ಞಾನ ಸಂಸ್ಥೆಯಿದೆ, ದಾದಿಯರ ಶಿಕ್ಷಣವೂ ನಡೆಯುತ್ತದೆ. ಓದುಗರಲ್ಲಿ ಕೆಲವರು ಮುಂದೆ ಅಂಥ ತರಗತಿಯಲ್ಲಿ ಕೂರುವವರೇ ಇರಬಹುದು. ಕೂರದವರಿಗೂ ಎದೆಯೊಂದು ಇದ್ದೇ ಇರುತ್ತದೆ.

ಮೊದಲು ಹೃದಯವೆಲ್ಲಿದೆಯೆಂದು ನೋಡೋಣ. ‘ಎಡಗಡೆ’ ಎಂದು ಎಲ್ಲರೂ ಹೇಳುವರು. ನಿಜವಾಗಿ ಅದು ಎದೆಗೂಡಿನ ನಡುವೆ, ಎದೆಮೂಳೆಯ ಹಿಂದೆ, ಎರಡು ಶ್ವಾಸಕೋಶಗಳ ಮಧ್ಯದಲ್ಲಿದೆ. ಅದರ ಮೂರರಲ್ಲಿ ಎರಡು ಪಾಲು ಮಾತ್ರ ನಡುಗೆರೆಯಿಂದ ಎಡಕ್ಕೆ ಚಾಚಿದೆ. ಮುಷ್ಟಿಯಷ್ಟು ಗಾತ್ರ, ಸುಮಾರು 300 ಗ್ರಾಂ ತೂಕ. ಅದು ಕುಳಿತಿರುವುದು ವಪೆಯ ಮೇಲೆ. ವಪೆಯೆಂದರೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಕಮಾನಿನಂತೆ ಬಾಗಿದ ಸ್ನಾಯುವಿನ ಹಾಸು. ಆ ಹಾಸಿನ ಕೆಳಗೆ ಎಡಕ್ಕೆ, ಅದಕ್ಕೆ ತಗಲಿಕೊಂಡೇ, ಜಠರವಿದೆ. ಹೃದಯದ ತಳಕ್ಕೂ ಜಠರದ ನೆತ್ತಿಗೂ ನಡುವೆ ಇರುವುದು ತೆಳುವಾದ ಒಂದು ಗೋಡೆ. ಈ ನೆರೆಹೊರೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಗೊಂದಲದ ಬೇರು ಇಲ್ಲಿಯೂ ಒಂದಿಷ್ಟು ಇದೆ.

ಹೃದಯದೊಳಗೆ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು ಬಂದ ರಕ್ತವನ್ನು ಬರಮಾಡಿಕೊಳ್ಳುವ ಹಜಾರಗಳಿದ್ದಂತೆ. ಕೆಳಗಿನ ಎರಡು ಹೃತ್ಕುಕ್ಷಿಗಳು ಅದನ್ನು ಹೊರಕ್ಕೆ ನೂಕುತ್ತವೆ. ಬಲಗುಕ್ಷಿ ಪಕ್ಕದ ಶ್ವಾಸಕೋಶಗಳಿಗೆ ಮಾತ್ರ ಕಳುಹಿಸಬೇಕಾದ್ದರಿಂದ ಅದರ ಗೋಡೆ ಮೂರು ನಾಲ್ಕು ಮಿಲಿಮೀಟರು ದಪ್ಪ; ಎಡಗುಕ್ಷಿ ನೆತ್ತಿಯಿಂದ ಉಂಗುಷ್ಠದವರೆಗೆ ಇಡೀ ದೇಹಕ್ಕೆ ಹಂಚಬೇಕಾದ್ದರಿಂದ ಅದರ ಗೋಡೆ ಸುಮಾರು ಒಂದು ಸೆಂಟಿಮೀಟರು. ವಿಶ್ರಾಂತಿಯಲ್ಲಿರುವವನ ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿಲಿಲೀಟರು ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 70 ಮಿಡಿತವೆಂದಿಟ್ಟುಕೊಂಡರೆ ಒಂದು ದಿನಕ್ಕೆ ಒಂದು ಲಕ್ಷ ಮಿಡಿತ, ಏಳು ಸಾವಿರ ಲೀಟರು ರಕ್ತ. ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಇಂಥದೇ ಲೆಕ್ಕದಿಂದ, ಇಷ್ಟೊಂದು ರಕ್ತವನ್ನು ದೇಹ ಹೊಸದಾಗಿ ತಯಾರಿಸುವುದು ಅಸಾಧ್ಯ, ಇದ್ದ ರಕ್ತವೇ ಸುತ್ತಿ ಸುತ್ತಿ ಬರುತ್ತಿರಬೇಕು ಎಂದು ವಾದಿಸಿದನು.

ಇಷ್ಟು ದುಡಿಯುವ ಸ್ನಾಯುವಿಗೆ ಆಹಾರ, ಆಮ್ಲಜನಕ ಎಲ್ಲಿಂದ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಇದು: ಹೃದಯದ ತುಂಬ ರಕ್ತವೇ ಇದೆಯಲ್ಲ, ಅದರಿಂದಲೇ! ಉತ್ತರ ಸಹಜ, ಆದರೆ ತಪ್ಪು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿರುವ ಅಣೆಕಟ್ಟನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಕಟ್ಟೆಯ ಹಿಂದೆ ಸಮುದ್ರದಂಥ ನೀರಿದ್ದರೂ ಅದು ಕಟ್ಟೆಯನ್ನು ತೂರಿ ಗದ್ದೆಗೆ ಬರುವುದಿಲ್ಲ. ಬರಬೇಕಾದರೆ ತೂಬನ್ನು ದಾಟಿ ನಾಲೆಯ ಮೂಲಕ ಸುತ್ತಿ ಬರಬೇಕು. ಹಾಗೆಯೇ ಎಡಗುಕ್ಷಿಯ ಒಳಗಿನ ರಕ್ತ ಅದರ ಗೋಡೆಯ ಅತಿ ತೆಳುವಾದ ಒಳಪದರವನ್ನು ಮಾತ್ರ ನೇರವಾಗಿ ಪೋಷಿಸಬಲ್ಲದು. ಉಳಿದ ದಪ್ಪ ಗೋಡೆಗೆ ಬೇಕಾದ ರಕ್ತ ಹೊರಗೆ ಹೋಗಿ, ನಾಲೆ ಹಿಡಿದು, ಹೊರಮೈಯ ಕಡೆಯಿಂದ ಒಳಗೆ ಇಳಿಯಬೇಕು.

ಆ ನಾಲೆಗಳೇ ಕಿರೀಟಧಮನಿಗಳು. ಎಡಗುಕ್ಷಿಯಿಂದ ಹೊರಟ ಮಹಾಧಮನಿಯ ಬುಡದಲ್ಲಿ, ಕವಾಟವನ್ನು ದಾಟಿದೊಡನೆಯೇ, ಎರಡು ಕವಲುಗಳು ಒಡೆಯುತ್ತವೆ. ದೇಹದಲ್ಲಿ ಮಹಾಧಮನಿ ಕೊಡುವ ಮೊಟ್ಟಮೊದಲ ಕವಲುಗಳು ಇವೇ. ಹೃದಯ ಮೊದಲ ತುತ್ತನ್ನು ತನಗೇ ಇಟ್ಟುಕೊಳ್ಳುತ್ತದೆಂದು ಹೇಳಬಹುದು, ಅದಕ್ಕೆ ಸ್ವಾರ್ಥವೆನ್ನಲಾಗದು. ಹೃದಯವನ್ನು ಕಿರೀಟದಂತೆ ಬಳಸಿರುವುದರಿಂದ ಆ ಹೆಸರು. ಎಡದ್ದು ಒಡನೆಯೇ ಇಬ್ಭಾಗವಾಗಿ ಒಂದು ಹೃದಯದ ಮುಂಭಾಗದಲ್ಲಿ ಕೆಳಕ್ಕಿಳಿಯುತ್ತದೆ, ಇನ್ನೊಂದು ಎಡಪಕ್ಕವನ್ನು ಸುತ್ತಿ ಹಿಂದಕ್ಕೆ ಹೋಗುತ್ತದೆ. ಬಲದ್ದು ಬಲಪಕ್ಕವನ್ನು ಸುತ್ತಿ, ಬಹುಪಾಲು ಜನರಲ್ಲಿ, ವಪೆಯ ಮೇಲೆ ಕುಳಿತ ತಳಭಾಗಕ್ಕೆ ರಕ್ತ ಒದಗಿಸುತ್ತದೆ. ಇವುಗಳ ಒಳ ಅಗಲ ಆರಂಭದಲ್ಲಿಯೇ ಮೂರು ನಾಲ್ಕು ಮಿಲಿಮೀಟರು, ಹೆಚ್ಚೆಂದರೆ ಸಣ್ಣ ಪೆನ್ಸಿಲಿನ ಒಳಗಿನ ಕಡ್ಡಿಗಿಂತ ತುಸು ಅಗಲ.

ಈ ನಾಲೆಗಳಲ್ಲಿ ಎರಡು ವಿಚಿತ್ರಗಳಿವೆ. ಪರೀಕ್ಷೆಯಲ್ಲಿ ಇವಕ್ಕೆ ಎರಡು ಅಂಕಕ್ಕಿಂತ ಹೆಚ್ಚು ಸಿಗಲಾರದು, ಆದರೆ ರೋಗಿಯ ಹಾಸಿಗೆಯ ಬಳಿ ಇವೇ ಎಲ್ಲ.

ದೇಹದ ಬೇರೆಲ್ಲ ಅಂಗಗಳಿಗೂ ರಕ್ತ ಹೆಚ್ಚಾಗಿ ನುಗ್ಗುವುದು ಹೃದಯ ಸಂಕೋಚಿಸಿದಾಗ. ಎಡಗುಕ್ಷಿಯ ಗೋಡೆಗೆ ಮಾತ್ರ ಅದು ಹರಿಯುವುದು ಮುಖ್ಯವಾಗಿ ಹೃದಯ ಸಡಿಲಗೊಂಡಾಗ. ಏಕೆಂದರೆ ಸಂಕೋಚಿಸುವ ಸ್ನಾಯು ತನ್ನೊಳಗೆ ಹಾದುಹೋಗುವ ನಾಳಗಳನ್ನು ತಾನೇ ಹಿಂಡಿ ಮುಚ್ಚಿಬಿಡುತ್ತದೆ. ಒಂದು ಮಿಡಿತದ ಅವಧಿ 0.8 ಸೆಕೆಂಡಾದರೆ ಸಂಕೋಚನಕ್ಕೆ ಸುಮಾರು 0.3, ಬಿಡುವಿಗೆ 0.5 ಸೆಕೆಂಡು, ಆ ಅರ್ಧ ಸೆಕೆಂಡಿನಲ್ಲಿಯೇ ಹೃದಯದ ಊಟ ಮುಗಿಯಬೇಕು. ಓಡಿದಾಗ, ಕೋಪಗೊಂಡಾಗ, ಜ್ವರ ಬಂದಾಗ ಮಿಡಿತ ಏರಿದರೆ ಕತ್ತರಿ ಬೀಳುವುದು ಹೆಚ್ಚಾಗಿ ಈ ಬಿಡುವಿನ ಪಾಲಿಗೇ. ಕೆಲಸ ಹೆಚ್ಚಿದಂತೆ ಉಣ್ಣುವ ಹೊತ್ತು ಕಡಿಮೆ. ಕೂಲಿಗಾರರ ಸಂಘ ಇದನ್ನು ಒಪ್ಪುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಆಮ್ಲಜನಕದ ಲೆಕ್ಕದ್ದು. ಒಟ್ಟು ದೇಹವನ್ನು ತೆಗೆದುಕೊಂಡರೆ, ವಿಶ್ರಾಂತಿಯಲ್ಲಿ ರಕ್ತ ತಂದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 25 ಭಾಗವನ್ನಷ್ಟೇ ಅಂಗಗಳು ಇಳಿಸಿಕೊಂಡು ಉಳಿದದ್ದನ್ನು ಹಿಂದಕ್ಕೆ ಕಳುಹಿಸುತ್ತವೆ. ಅಗತ್ಯ ಬಿದ್ದಾಗ ಬಳಸಲು ಅದು ಕಾದಿಟ್ಟ ಹಣ. ಹೃದಯದ ಸ್ನಾಯುವಾದರೋ ಸುಮ್ಮನಿರುವಾಗಲೇ ನೂರಕ್ಕೆ 70ರಷ್ಟನ್ನು ಹೀರಿಬಿಡುತ್ತದೆ. ಅದರ ಪೆಟ್ಟಿಗೆಯಲ್ಲಿ ಉಳಿತಾಯವಿಲ್ಲ. ಹೆಚ್ಚು ಆಮ್ಲಜನಕ ಬೇಕೆಂದರೆ ಹೆಚ್ಚು ರಕ್ತ ಹರಿಯಲೇಬೇಕು, ಅದಕ್ಕೆ ನಾಲೆ ಅಗಲವಾಗಲೇಬೇಕು. ಅಗಲವಾಗಲಾರದ ನಾಲೆಯಿದ್ದರೆ? ದಿಬ್ಬ ಹತ್ತುವಾಗ ಎದೆ ಹಿಡಿದುಕೊಂಡು ನಿಂತು, ನಿಂತ ಐದು ನಿಮಿಷಕ್ಕೆ ಸರಿಹೋಗುವ ನೋವು ಹುಟ್ಟುವುದು ಹೀಗೆ. ಹೃದಯವು ಸಾಲ ಮಾಡಲಾರದ ಅಂಗವಾದ್ದರಿಂದ ಕೂಡಲೇ ದೂರು ಕೊಡುತ್ತದೆ.

ನಾಲೆಯಲ್ಲಿ ಹೂಳು ತುಂಬುವ ಬಗೆಯನ್ನು ಇನ್ನು ನೋಡೋಣ. ಹೂಳೆಂಬ ಹೋಲಿಕೆ ಪೂರ್ತಿ ಸರಿಯಲ್ಲವೆಂದು ಮೊದಲೇ ಹೇಳಬೇಕು. ಕೊಬ್ಬು ನಾಳದ ಒಳಗೋಡೆಯ ಮೇಲೆ ಕೆಸರಿನಂತೆ ಕೂರುವುದಿಲ್ಲ. ಅದು ಗೋಡೆಯೊಳಗೇ ಸೇರಿಕೊಳ್ಳುತ್ತದೆ. ರಕ್ತದಲ್ಲಿ ಕೊಲೆಸ್ಟರಾಲನ್ನು ಹೊತ್ತು ತಿರುಗುವ ಕಣಗಳು ನಾಳದ ಒಳಪೊರೆಯನ್ನು ತೂರಿ ಅದರಡಿಯಲ್ಲಿ ನೆಲೆಸುತ್ತವೆ. ಬಿಳಿರಕ್ತಕಣಗಳು ಅವನ್ನು ನುಂಗಲು ಬಂದು, ನುಂಗಿ ಉಬ್ಬಿ, ಅಲ್ಲಿಯೇ ಸಾಯುತ್ತವೆ. ವರ್ಷಗಳು ಕಳೆದಂತೆ ಮೆತ್ತನೆಯ ತಿರುಳೂ ಅದರ ಮೇಲೊಂದು ನಾರಿನ ಮುಚ್ಚಳವೂ ಉಳ್ಳ ಗಂಟು ಬೆಳೆಯುತ್ತದೆ. ರಕ್ತದ ಒತ್ತಡ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ತಂಬಾಕಿನ ಹೊಗೆ ಸೇರಿದರೆ ಈ ಕೆಲಸ ವೇಗವಾಗಿ ಸಾಗುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜುಕಟ್ಟೆಯೇ ಇದೆ. ಬೆಳೆದವನನ್ನು ದೂರುವುದಕ್ಕೆ ನಾವು ಹೊರಟಿಲ್ಲ. ಅದೇ ನೆಲದಲ್ಲಿ ಬೇರೇನು ಬೆಳೆದರೆ ಮಗಳ ಕಾಲೇಜಿನ ಶುಲ್ಕ ಹುಟ್ಟುತ್ತದೆಂಬುದನ್ನು ಹೇಳದೆ ಬರಿದೇ ಉಪದೇಶ ಮಾಡುವುದು ಸುಲಭ. ಆದರೆ ಸೇದುವವನ ನಾಳಕ್ಕೆ ಈ ಅರ್ಥಶಾಸ್ತ್ರ ತಿಳಿಯದು.

ಇದು ಮುದುಕರ ಕಾಯಿಲೆಯೆಂದು ಹಿಂದೆ ಎಲ್ಲರೂ ಭಾವಿಸಿದ್ದರು. 1953ರಲ್ಲಿ ಅಮೆರಿಕದ ಮೂವರು ವೈದ್ಯರು ಕೊರಿಯದ ಯುದ್ಧದಲ್ಲಿ ಮಡಿದ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿ ವರದಿಯೊಂದನ್ನು ಪ್ರಕಟಿಸಿದರು. ಸೈನಿಕರ ಸರಾಸರಿ ವಯಸ್ಸು 22. ಗಟ್ಟಿಮುಟ್ಟಾದ ಈ ಯುವಕರಲ್ಲಿ ನೂರಕ್ಕೆ 77 ಮಂದಿಯ ಕಿರೀಟಧಮನಿಗಳಲ್ಲಿ ಕಾಯಿಲೆಯ ಗುರುತು ಬರಿಗಣ್ಣಿಗೆ ಕಂಡಿತು. ಹಲವರಲ್ಲಿ ಅದು ಬರಿಯ ಆರಂಭ. ಕೆಲವರಲ್ಲಿ ನಾಳ ಗಣನೀಯವಾಗಿ ಕಿರಿದಾಗಿತ್ತು. ಈ ಪುಟವನ್ನು ಓದುತ್ತಿರುವ ಕಾಲೇಜು ವಿದ್ಯಾರ್ಥಿಗಳ ವಯಸ್ಸು ಆ ಸೈನಿಕರ ವಯಸ್ಸಿಗಿಂತ ಬಹಳ ದೂರವೇನಿಲ್ಲ. ಇನ್ನು, 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದಿಂದ ತಿಳಿದದ್ದೇನೆಂದರೆ, ಮೊದಲ ಹೃದಯಾಘಾತ ಬರುವ ವಯಸ್ಸು ನಮ್ಮ ದಕ್ಷಿಣ ಏಷ್ಯದವರಲ್ಲಿ ಸುಮಾರು 53, ಇತರರಲ್ಲಿ ಸುಮಾರು 59. ಅಂದರೆ ನಮ್ಮ ಜನಕ್ಕೆ ಇದು ಐದಾರು ವರ್ಷ ಮೊದಲೇ ಬರುತ್ತದೆ. ಹಾಸನದ ಸುದ್ದಿಯಲ್ಲಿ ನಲವತ್ತೈದಕ್ಕೂ ಕೆಳಗಿನವರ ಹೆಸರುಗಳನ್ನು ಕಂಡು ಬೆಚ್ಚಿದವರಿಗೆ ಈ ಸಂಗತಿ ಸಮಾಧಾನ ತರದು, ಆದರೆ ಆಶ್ಚರ್ಯವನ್ನು ತಗ್ಗಿಸೀತು.

ಗಂಟು ಬೆಳೆದ ಮಾತ್ರಕ್ಕೆ ಹೃದಯಾಘಾತವಾಗುವುದಿಲ್ಲ. ಒಂದು ದಿನ ಆ ಗಂಟಿನ ಮುಚ್ಚಳ ಬಿರಿಯುತ್ತದೆ. ಒಳಗಿನ ತಿರುಳು ರಕ್ತಕ್ಕೆ ಸೋಕಿದೊಡನೆ, ಕುಡುಗೋಲಿನ ಗಾಯದ ಮೇಲೆ ರಕ್ತ ಹೆಪ್ಪುಗಟ್ಟುವಂತೆ, ಅಲ್ಲಿಯೂ ಹೆಪ್ಪುಗಟ್ಟುತ್ತದೆ. ಕೈಮೇಲಿನ ಗಾಯದಲ್ಲಿ ನಮ್ಮನ್ನು ಉಳಿಸುವ ಏರ್ಪಾಡೇ ಇಲ್ಲಿ ಮೂರು ಮಿಲಿಮೀಟರಿನ ನಾಳವನ್ನು ಕೆಲವೇ ನಿಮಿಷಗಳಲ್ಲಿ ಮುಚ್ಚಿಬಿಡಬಲ್ಲದು. ನಾಳದ ಅರ್ಧವನ್ನೂ ಅಡ್ಡಗಟ್ಟದಿದ್ದ ಗಂಟೂ ಹೀಗೆ ಬಿರಿಯಬಹುದು. ಆದ್ದರಿಂದಲೇ ನಿನ್ನೆಯವರೆಗೆ ದಿಬ್ಬ ಹತ್ತಿ ಇಳಿಯುತ್ತಿದ್ದವನು ಇಂದು ಕುಸಿಯುವುದುಂಟು.

ನಾಳ ಮುಚ್ಚಿದೊಡನೆ ಹೃದಯ ಕೂಗಿಕೊಳ್ಳುತ್ತದೆ. ಆದರೆ ಅದಕ್ಕೆ ಸ್ಪಷ್ಟವಾದ ದನಿಯಿಲ್ಲ. ಬೆರಳಿಗೆ ಮುಳ್ಳು ಚುಚ್ಚಿದರೆ ಯಾವ ಬೆರಳಿನ ಯಾವ ಮೂಲೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆವು. ಹೃದಯದ ನೋವನ್ನು ಹೊತ್ತ ನರಗಳು ಬೆನ್ನುಹುರಿಯನ್ನು ಸೇರುವುದು ಎದೆಯ ಮೇಲುಭಾಗದ ಕೆಲವು ಮೆಟ್ಟಿಲುಗಳಲ್ಲಿ. ಎದೆಯ ಚರ್ಮದ ಮತ್ತು ತೋಳಿನ ಒಳಮಗ್ಗುಲಿನ ನರಗಳೂ ಅದೇ ಮೆಟ್ಟಿಲುಗಳಿಗೆ ಬಂದು ಸೇರುತ್ತವೆ. ಒಂದೇ ಅಂಚೆಪೆಟ್ಟಿಗೆಯಲ್ಲಿ ಎರಡು ಮನೆಗಳ ಕಾಗದ ಬಿದ್ದರೆ, ದಿನವೂ ಕಾಗದ ಬರೆಯುವ ಮನೆಯದೇ ಇದೂ ಇರಬೇಕೆಂದು ಮಿದುಳು ಊಹಿಸುತ್ತದೆ. ಹೀಗೆ ನೋವು ಎಡತೋಳಿನಲ್ಲಿ, ಕೆಲವೊಮ್ಮೆ ಎರಡೂ ತೋಳುಗಳಲ್ಲಿ, ಕುತ್ತಿಗೆಯಲ್ಲಿ, ದವಡೆಯಲ್ಲಿ, ಬೆನ್ನಿನಲ್ಲಿ ಕಾಣಿಸಿಕೊಳ್ಳುತ್ತದೆ. ವಪೆಯ ಮೇಲೆ ಕುಳಿತ ತಳಭಾಗಕ್ಕೆ ಪೆಟ್ಟು ಬಿದ್ದರಂತೂ ನೋವು ಮೇಲ್ಹೊಟ್ಟೆಯಲ್ಲಿಯೇ ತೋರಬಹುದು. ಆ ಭಾಗದಲ್ಲಿ ಹೃದಯವನ್ನೂ ಜಠರವನ್ನೂ ಆಳುವ ಒಂದೇ ನರದ ಎಳೆಗಳು ಕೆರಳುವುದರಿಂದ ಓಕರಿಕೆ, ವಾಂತಿಗಳೂ ಆಗುತ್ತವೆ, ನಾಡಿಯೂ ನಿಧಾನವಾಗಬಹುದು. ಹೊಟ್ಟೆಯಲ್ಲಿ ಸಂಕಟ, ವಾಂತಿ, ಬೆವರು: ಇವನ್ನು ಕಂಡು ಕಷಾಯ ಕಾಯಿಸಲು ಹೋದ ಗೃಹಿಣಿಯನ್ನು ಅಜ್ಞಾನಿಯೆಂದು ನಗುವವರು ಶರೀರರಚನೆಯನ್ನು ಓದಿಲ್ಲವೆಂದೇ ಹೇಳಬೇಕು.

ಕನ್ನಡವೇ ಈ ಗೊಂದಲವನ್ನು ತನ್ನೊಳಗೆ ಇಟ್ಟುಕೊಂಡಿದೆ. ಜಠರದ ಆಮ್ಲ ಅನ್ನನಾಳಕ್ಕೆ ಏರಿದಾಗ ಆಗುವ ಬಾಧೆಗೆ ನಾವು ‘ಎದೆಯುರಿ’ ಎನ್ನುತ್ತೇವೆ. ಹೊಟ್ಟೆಯ ಕಾಯಿಲೆಗೆ ಎದೆಯ ಹೆಸರು. ಹೃದಯದ ನೋವಿಗೆ ‘ಗ್ಯಾಸ್ಟ್ರಿಕ್’ ಎನ್ನುತ್ತೇವೆ. ಎದೆಯ ಕಾಯಿಲೆಗೆ ಹೊಟ್ಟೆಯ ಹೆಸರು. 1768ರಲ್ಲಿ ಲಂಡನ್ನಿನ ಪ್ರಖ್ಯಾತ ವೈದ್ಯ ವಿಲಿಯಂ ಹೆಬರ್ಡನ್ ನಡೆಯುವಾಗ ಬಂದು ನಿಂತಾಗ ಹೋಗುವ ಎದೆನೋವನ್ನು ಇಂದಿಗೂ ತಿದ್ದಬೇಕಾಗಿಲ್ಲದಷ್ಟು ಚೆನ್ನಾಗಿ ವರ್ಣಿಸಿದನು. ಅಂಥವನೂ ಅದು ಕಿರೀಟಧಮನಿಗಳ ಕಾಯಿಲೆಯೆಂದು ಕಂಡುಕೊಳ್ಳಲಿಲ್ಲ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಹೃದಯದ ನೋವು ಚುಚ್ಚುವುದಕ್ಕಿಂತ ಹೆಚ್ಚಾಗಿ ಒತ್ತುತ್ತದೆ. ಕಲ್ಲು ಹೇರಿದಂತೆ, ಹಗ್ಗದಿಂದ ಬಿಗಿದಂತೆ. ರೋಗಿ ಒಂದು ಬೆರಳಿನಿಂದ ಜಾಗ ತೋರಿಸುವುದಿಲ್ಲ, ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವಿಗೆ ಇಡುತ್ತಾನೆ. ತಣ್ಣನೆಯ ಬೆವರು, ಉಬ್ಬಸ, ಹೇಳಲಾರದ ಕಳವಳ ಜೊತೆಗೂಡುತ್ತವೆ. ಮಗ್ಗುಲಾದರೆ, ತೇಗಿದರೆ ಹೋಗದು. ಆದರೂ ಈ ಲಕ್ಷಣಗಳನ್ನು ಬಾಯಿಪಾಠ ಮಾಡಿ ಮನೆಯಲ್ಲಿಯೇ ತೀರ್ಪು ಕೊಡುವವರಿಗೆ ನಾವು ಒಂದು ಎಚ್ಚರಿಕೆ ಹೇಳಬೇಕಾಗಿದೆ: ಸಕ್ಕರೆ ಕಾಯಿಲೆಯವರಲ್ಲಿ ನರಗಳೇ ಮಂದವಾಗಿದ್ದು ನೋವು ತೋರದೆಯೇ ಇರಬಹುದು; ಹೆಂಗಸರಲ್ಲಿ ಮತ್ತು ವೃದ್ಧರಲ್ಲಿ ಬರಿಯ ಆಯಾಸ, ಉಬ್ಬಸ, ವಾಂತಿಗಳಾಗಿ ಬರಬಹುದು. ಮನೆಯಲ್ಲಿ ಕೂತು ನಿಶ್ಚಯಿಸುವ ವಿಷಯ ಇದಲ್ಲ.

ಏಕೆಂದರೆ ಅಷ್ಟರಲ್ಲಿ ಸ್ನಾಯು ಸಾಯುತ್ತಿರುತ್ತದೆ. ನಾಳ ಪೂರ್ತಿ ಮುಚ್ಚಿ ಸುಮಾರು ಅರ್ಧ ಗಂಟೆಯಾದರೆ ಸಾವು ಆರಂಭವಾಗುತ್ತದೆ. ಮೊದಲು ಸಾಯುವುದು ಗೋಡೆಯ ಒಳಭಾಗ, ನಾಲೆಯ ಕೊನೆಯ ಗದ್ದೆಯಂತೆ ಅದು ಹೊರಮೈಯ ನಾಳಗಳಿಂದ ಅತಿ ದೂರದಲ್ಲಿದೆ, ಹಿಂಡುವಿಕೆಯೂ ಅಲ್ಲಿಯೇ ಹೆಚ್ಚು. ಅಲ್ಲಿಂದ ಸಾವು ಅಲೆಯಂತೆ ಹೊರಮೈಯ ಕಡೆಗೆ ಸಾಗುತ್ತದೆ. ಐದಾರು ಗಂಟೆಗಳಲ್ಲಿ ಆ ನಾಳವನ್ನು ನೆಚ್ಚಿದ ಭಾಗದ ಬಹುಪಾಲು ಮುಗಿದಿರುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲವೆಂದೇ ಹೇಳಬೇಕು. ಆ ಜಾಗದಲ್ಲಿ ಕಲೆಯ ನಾರು ತುಂಬುತ್ತದೆ, ಅದು ಮಿಡಿಯದು.

ಈಗ ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಡೋಣ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಕ್ಸೇವಿಯರ್, ಪ್ರೇಮ್ ಪೈಸ್ ಮೊದಲಾದವರು ಭಾರತದ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದಯಾಘಾತ ಮತ್ತು ಅದರ ಸಮೀಪದ ರೋಗಿಗಳ ವಿವರಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಲಕ್ಷಣ ಕಾಣಿಸಿಕೊಂಡಲ್ಲಿಂದ ಆಸ್ಪತ್ರೆ ತಲುಪುವವರೆಗೆ ಹಿಡಿದ ಕಾಲದ ನಡುಬೆಲೆ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆ ತಲುಪಿದ ಮೇಲೆ ಹೆಪ್ಪು ಕರಗಿಸುವ ಔಷಧಿ ಕೊಡುವವರೆಗೆ ಹಿಡಿದದ್ದು 50 ನಿಮಿಷ. ಆಸ್ಪತ್ರೆಯ ನಿಧಾನವನ್ನು ನಾವೆಲ್ಲರೂ ಹಳಿಯುತ್ತೇವೆ, ಹಳಿಯಬೇಕಾದಲ್ಲಿ ಹಳಿಯಲಿ. ಆದರೆ ಈ ಲೆಕ್ಕದಲ್ಲಿ ಹೆಚ್ಚಿನ ಹೊತ್ತು ಕಳೆದದ್ದು ಆಸ್ಪತ್ರೆಯ ಬಾಗಿಲಿನ ಈಚೆಗೆ. ಅದರಲ್ಲಿ ರಸ್ತೆಯ ಪಾಲು ಎಷ್ಟು? ಹೊಳೆನರಸೀಪುರ, ಅರಕಲಗೂಡುಗಳಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರಿನ ಆಸುಪಾಸು, ಚನ್ನರಾಯಪಟ್ಟಣದಿಂದ ನಲವತ್ತರ ಒಳಗೆ. ತಾಲ್ಲೂಕು ಆಸ್ಪತ್ರೆ ಅದಕ್ಕಿಂತ ಹತ್ತಿರ. ರಸ್ತೆಯೊಂದೇ ಆರು ಗಂಟೆ ನುಂಗಲಾರದು. ಉಳಿದದ್ದನ್ನು ನುಂಗಿದ್ದು ಕಷಾಯ, ಸಂಕೋಚ, ಬೆಳಗಾಗಲಿ ಎಂಬ ಮಾತು, ಹಣದ ಚಿಂತೆ, ವಾಹನಕ್ಕಾಗಿ ಅಲೆದಾಟ.

ತಾಲ್ಲೂಕು ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ, ನೇರವಾಗಿ ಬೆಂಗಳೂರಿಗೇ ಒಯ್ಯೋಣವೆಂಬ ವಾದ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಹಾಸನದಿಂದ ಬೆಂಗಳೂರಿಗೆ 180 ಕಿಲೋಮೀಟರುಗಳಿಗೂ ಹೆಚ್ಚು ದೂರ. ಮೇಲೆ ಹೇಳಿದ ಅಲೆ ಅಷ್ಟರಲ್ಲಿ ಬಹುದೂರ ಸಾಗಿರುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರ, 2021ರಲ್ಲಿ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿದ್ದು ಈ ಕಾರಣದಿಂದಲೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುತ್ತಾರೆ, ಅದು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ಕೂಡಲೇ ತಲುಪುತ್ತದೆ, ಅಗತ್ಯವೆಂದು ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಬಾಳುವ ಔಷಧಿಯನ್ನು ಅಲ್ಲಿಯೇ ಉಚಿತವಾಗಿ ಒಂದೇ ಚುಚ್ಚುಮದ್ದಿನಲ್ಲಿ ಕೊಟ್ಟು, ಬಳಿಕ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಮಿದುಳಿನಲ್ಲಿ ಹಿಂದೆ ರಕ್ತಸ್ರಾವವಾದವರಿಗೆ ಮತ್ತು ಇನ್ನು ಕೆಲವರಿಗೆ ಇದನ್ನು ಕೊಡುವಂತಿಲ್ಲವಾದ್ದರಿಂದ ಕೇಳಬೇಕಾದ ಪ್ರಶ್ನೆಗಳನ್ನು ಕೇಳಿಯೇ ಕೊಡಬೇಕು. ಮೊದಲ ಎರಡು ಮೂರು ಗಂಟೆಗಳೊಳಗೆ ಸಿಕ್ಕಿದರೆ ಇದರ ಫಲ ಅತಿ ಹೆಚ್ಚು.

ಆ ಇ.ಸಿ.ಜಿ. ತೆಗೆಯುವ ಕೈ ಬಹಳಷ್ಟು ಕಡೆ ದಾದಿಯದು. ರೋಗಿ ಬಂದ ಹತ್ತು ನಿಮಿಷದೊಳಗೆ ಆ ಪಟ್ಟಿ ವೈದ್ಯರ ಕೈಯಲ್ಲಿರಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಹೃದಯ ಮಿಡಿಯುವಾಗ ಹುಟ್ಟುವ, ಚರ್ಮದ ಮೇಲೆ ಒಂದು ಮಿಲಿವೋಲ್ಟಿನಷ್ಟೇ ಇರುವ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಉಪಕರಣವನ್ನು ಹಾಲೆಂಡಿನ ಐಂತೋವನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಅದರ ಬಿಲ್ಲೆಗಳನ್ನು ಎದೆಯ ಮೇಲೆ ಎಲ್ಲಿಡಬೇಕೆಂಬುದು ಕೈಬೆರಳಿನ ವಿದ್ಯೆ. ಓದುಗರು ಈಗಲೇ ತಮ್ಮ ಎದೆಯ ಮೇಲೆ ಇದನ್ನು ಪರೀಕ್ಷಿಸಬಹುದು. ಗಂಟಲಿನ ಕೆಳಗೆ ಕೊರಳೆಲುಬುಗಳ ನಡುವಿನ ಗುಳಿಗೆ ಬೆರಳಿಟ್ಟು ಎದೆಮೂಳೆಯ ಮೇಲೆ ನೇರವಾಗಿ ಕೆಳಕ್ಕೆ ಜಾರಿಸಿ. ಎರಡು ಅಂಗುಲದಷ್ಟು ಇಳಿದಾಗ ಅಡ್ಡಲಾಗಿ ಒಂದು ಏಣು ತಗಲುತ್ತದೆ. ಅದರ ಎರಡೂ ಮಗ್ಗುಲಿಗೆ ಕೂಡಿಕೊಂಡಿರುವುದು ಎರಡನೆಯ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಮರೆಯಲ್ಲಿರುವುದರಿಂದ ಎಣಿಕೆಗೆ ಸಿಗದು. ಎರಡನೆಯ ಪಕ್ಕೆಲುಬಿನ ಕೆಳಗಿನ ತಗ್ಗು ಎರಡನೆಯ ಸಂದು. ಅಲ್ಲಿಂದ ಬೆರಳಿನಿಂದ ಮೆಟ್ಟಿಲಿಳಿಯುತ್ತ ನಾಲ್ಕನೆಯ ಸಂದಿಗೆ ಬಂದರೆ, ಎದೆಮೂಳೆಯ ಬಲ ಅಂಚಿನಲ್ಲಿ ಮೊದಲ ಬಿಲ್ಲೆ, ಎಡ ಅಂಚಿನಲ್ಲಿ ಎರಡನೆಯದು. ನಾಲ್ಕನೆಯ ಬಿಲ್ಲೆ ಐದನೆಯ ಸಂದಿನಲ್ಲಿ, ಎಡಗೊರಳೆಲುಬಿನ ನಡುವಿನಿಂದ ಇಳಿಬಿಟ್ಟ ಗೆರೆಯ ಮೇಲೆ. ಮೂರನೆಯದು ಎರಡಕ್ಕೂ ನಾಲ್ಕಕ್ಕೂ ನಡುವೆ. ಇನ್ನೆರಡು ಅದೇ ಮಟ್ಟದಲ್ಲಿ ಕಂಕುಳಿನ ಕಡೆಗೆ. ಒಂದು ಸಂದು ಮೇಲೆ ಕೆಳಗಾದರೆ ಗೆರೆಯ ರೂಪವೇ ಬದಲಾಗಿ, ಇಲ್ಲದ ಕಾಯಿಲೆ ಕಾಣಬಹುದು, ಇದ್ದದ್ದು ಮರೆಯಾಗಬಹುದು. ಅವಸರದಲ್ಲಿ ಕಣ್ಣಂದಾಜಿನ ಮೇಲೆ ಬಿಲ್ಲೆ ಅಂಟಿಸುವ ಅಭ್ಯಾಸ ಅನುಭವಿಗಳಲ್ಲಿಯೂ ಇದೆ. ಹೊಸದಾಗಿ ಕಲಿಯುವವರು ಅವರನ್ನು ಅನುಸರಿಸದಿರುವುದೇ ಲೇಸು. ಮೊದಲ ಪಟ್ಟಿ ಸರಿಯಾಗಿ ಕಂಡರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಮತ್ತೊಂದನ್ನು ತೆಗೆಯಬೇಕು. ರಕ್ತದಲ್ಲಿ ಟ್ರೋಪೋನಿನ್ ಎಂಬ ಸ್ನಾಯುವಿನ ಪ್ರೋಟೀನು ಸೋರಿದೆಯೇ ಎಂದೂ ನೋಡುತ್ತಾರೆ.

ಹೃದಯಾಘಾತ, ಹೃದಯಸ್ತಂಭನ ಎಂಬ ಎರಡು ಮಾತುಗಳನ್ನು ಪತ್ರಿಕೆಗಳು ಒಂದೇ ಅರ್ಥದಲ್ಲಿ ಬಳಸುತ್ತಿರುವುದರಿಂದ ಅದನ್ನೂ ಬಿಡಿಸಿ ಹೇಳುವುದು ಅವಶ್ಯ. ನಾಳ ಮುಚ್ಚಿ ಸ್ನಾಯು ಸಾಯುವುದು ಆಘಾತ. ಆಗಲೂ ಹೃದಯ ಮಿಡಿಯುತ್ತಿರುತ್ತದೆ, ರೋಗಿ ಮಾತನಾಡುತ್ತಿರುತ್ತಾನೆ. ಹೃದಯದ ವಿದ್ಯುತ್ತಿನ ತಾಳ ಕೆಟ್ಟು, ಕುಕ್ಷಿಯ ಸ್ನಾಯುಗಳು ಒಟ್ಟಾಗಿ ಹಿಂಡದೆ ಬಿಡಿಬಿಡಿಯಾಗಿ ನಡುಗುತ್ತ, ರಕ್ತದ ಹರಿವೇ ನಿಂತುಹೋಗುವುದು ಸ್ತಂಭನ. ಆಘಾತ ಸ್ತಂಭನಕ್ಕೆ ಕಾರಣವಾಗಬಹುದು. ಆದರೆ ಹರೆಯದವರಲ್ಲಿ ಹುಟ್ಟಿನಿಂದಲೇ ಬಂದ ಸ್ನಾಯುವಿನ ದೋಷ, ತಾಳದ ದೋಷ ಮುಂತಾದವೂ ಸ್ತಂಭನ ತರಬಲ್ಲವು. ಅಲ್ಲಿ ನಾಳಗಳು ಶುದ್ಧವಾಗಿಯೇ ಇರಬಹುದು. ಆಸ್ಪತ್ರೆಯ ಹೊರಗೆ ಹಠಾತ್ತನೆ ಸಂಭವಿಸುವ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ಆಗಬೇಕೆಂದು ಸರ್ಕಾರ 2025ರ ಜುಲೈಯಲ್ಲಿ ಪ್ರಕಟಿಸಿದ್ದರ ಅರ್ಥವೂ ಇದೇ. ನಮ್ಮ ಜನಕ್ಕೆ ಅದು ಹಿಡಿಸದು, ದುಃಖದಲ್ಲಿರುವ ಮನೆಗೆ ಅದು ಕಠೋರವಾಗಿಯೂ ತೋರುತ್ತದೆ. ಆದರೆ ವಂಶಪಾರಂಪರ್ಯವಾಗಿ ಬರುವ ದೋಷವಾಗಿದ್ದರೆ ಅದನ್ನು ತಿಳಿಯುವ ಹಕ್ಕು ಸತ್ತವನ ತಮ್ಮನಿಗೂ ತಂಗಿಗೂ ಇದೆ.

ಸ್ತಂಭನವಾದವನು ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಾಟ ನಿಂತಿರುತ್ತದೆ ಅಥವಾ ಏದುಸಿರಿನಂತೆ ಅಪರೂಪಕ್ಕೊಮ್ಮೆ ಬರುತ್ತದೆ. ಅಂಥವನಿಗೆ ನೀರು ಕುಡಿಸಲು ಹೋಗಬಾರದು. ಒಬ್ಬರು 108ಕ್ಕೆ ಫೋನು ಮಾಡಬೇಕು, ಇನ್ನೊಬ್ಬರು ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು, ಐದು ಸೆಂಟಿಮೀಟರಿನಷ್ಟು ಆಳಕ್ಕೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಿರಬೇಕು. ಒತ್ತುವವರು ಸಾಮಾನ್ಯವಾಗಿ ಒಂದನ್ನು ಮರೆಯುತ್ತಾರೆ: ಪ್ರತಿ ಒತ್ತಿನ ಬಳಿಕವೂ ಎದೆ ಪೂರ್ತಿಯಾಗಿ ಮೇಲಕ್ಕೆ ಬರುವಂತೆ ಭಾರವನ್ನು ಬಿಡಬೇಕು. ಒತ್ತಿದಾಗ ರಕ್ತ ಮಿದುಳಿಗೆ ಹೋಗುತ್ತದೆ, ಬಿಟ್ಟಾಗ ಕಿರೀಟಧಮನಿಗಳ ಮೂಲಕ ಹೃದಯದ ಸ್ನಾಯುವಿಗೆ ಹೋಗುತ್ತದೆ. ಇನ್ನೊಬ್ಬರ ಕೈಯಿಂದ ಮಿಡಿಯುತ್ತಿರುವಾಗಲೂ ಹೃದಯ ಉಣ್ಣುವುದು ಬಿಡುವಿನಲ್ಲಿಯೇ.

ಎದೆನೋವಿನ ರೋಗಿಯನ್ನು ಎದುರುಗೊಳ್ಳುವ ದಾದಿ ಹೆಸರು, ವಯಸ್ಸು, ನಾಡಿ, ರಕ್ತದೊತ್ತಡಗಳ ಜೊತೆಗೆ ತಪ್ಪದೆ ಕೇಳಿ ಬರೆದುಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ನೋವು ಶುರುವಾದದ್ದು ಎಷ್ಟು ಗಂಟೆಗೆ? “ರಾತ್ರಿ ಊಟ ಆದಮೇಲೆ” ಎಂಬ ಉತ್ತರ ಸಾಲದು. ಟಿ.ವಿ.ಯಲ್ಲಿ ಯಾವ ಕಾರ್ಯಕ್ರಮ ನಡೆಯುತ್ತಿತ್ತು, ಕೊನೆಯ ಬಸ್ಸು ಹೋಗಿತ್ತೇ, ಕಷಾಯ ಕಾಯಿಸಿದ್ದು ಯಾವಾಗ ಎಂದು ಬಳಿಯಲ್ಲಿದ್ದ ಮನೆಯವರನ್ನು ಕೇಳಿ, ಗಂಟೆಯನ್ನೂ ನಿಮಿಷವನ್ನೂ ಇ.ಸಿ.ಜಿ. ಪಟ್ಟಿಯ ಅಂಚಿನಲ್ಲಿ ಬರೆಯಬೇಕು. ಔಷಧಿ ಕೊಡಬೇಕೆ ಬೇಡವೆ ಎಂದು ದೂರದ ಕೇಂದ್ರದಲ್ಲಿ ಕುಳಿತ ತಜ್ಞರು ಮೊದಲು ನೋಡುವ ಅಂಕಿಗಳಲ್ಲಿ ಅದೂ ಒಂದು.